ಬೋಂಗ್ರೆಯ ಮೊಲದ ನೋಟುಬುಕ್ಕು

ಯಾರೂ ಹೇಳದೆ ಪಾತ್ರೆ ತೊಳೆಯಲು ಕೂರುವ ಹೆಂಗಸನ್ನು ಕಂಡರೆ ನನಗೆ ಅನುಮಾನ. ಕೇಳಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಕಡಲದಂಡೆಯ ನಮ್ಮೂರು ಸೋಲ್ಮೆಯ ಕ್ರೈಸ್ತ ಸಭೆಯ ಅಡುಗೆಮನೆಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡವಳು ನಾನು. ಭಾನುವಾರ ಆರಾಧನೆ ಮುಗಿದು ಊಟವಾದ ಮೇಲೆ ಎಂಬತ್ತು ಬಟ್ಟಲು, ಎಂಬತ್ತು ಚಮಚ, ಸಾರಿನ ಎರಡು ದೊಡ್ಡ ಹಂಡೆ ತೊಳೆಯುವುದಿರುತ್ತದೆ. ಸರಿಯಾಗಿ ಆ ಹೊತ್ತಿಗೇ ಒಬ್ಬಳಿಗೆ ಸೊಂಟ ಹಿಡಿಯುತ್ತದೆ, ಇನ್ನೊಬ್ಬಳಿಗೆ ಮಗನ ಫೋನು ಬರುತ್ತದೆ. ಮನುಷ್ಯರು ಅಂದಮೇಲೆ ಹಾಗೇ ಇರಬೇಕು. ಎರಡು ವರ್ಷದ ಹಿಂದೆ ವಸಂತದಲ್ಲಿ ಬೋಂಗ್ರೆ ನಮ್ಮ ಸಭೆಗೆ ಮೊದಲ ಸಲ ಬಂದಳು. ಬಂದ ದಿನವೇ ತೋಳು ಮಡಚಿ ತೊಟ್ಟಿಯ ಮುಂದೆ ಕೂತಳು. ಬಟ್ಟಲಿನ ತಳವನ್ನೂ ಬಿಡದೆ ಉಜ್ಜಿದಳು.

ಅವಳಿಗೆ ಆಗ ಅರವತ್ತೊಂದು. ಒಂದೇ ಒಂದು ಚೀಲ ಹಿಡಿದು ಬಸ್ಸಿನಿಂದ ಇಳಿದಿದ್ದಳು. ಗಂಡ ಇದ್ದನೋ, ಮಕ್ಕಳಿದ್ದರೋ, ಯಾವ ಊರೋ, ಕೇಳಿದರೆ ನಗುತ್ತಿದ್ದಳು, ಅಷ್ಟೆ. ಕಡಲಿನ ಸಿಂಪಿಯ ಚಿಪ್ಪು ಬಿಡಿಸುವ ಷೆಡ್ಡಿನಲ್ಲಿ ನಮ್ಮ ಜೊತೆಯೇ ಕೆಲಸಕ್ಕೆ ಸೇರಿದಳು. ಸಭೆಯ ಹಿತ್ತಲಿನ ಕಾವಲುಕೋಣೆ ಖಾಲಿ ಬಿದ್ದಿತ್ತು. ಸಭಾಹಿರಿಯರಾದ ಮಾ ಅವರು ಅದನ್ನು ಅವಳಿಗೆ ಬಿಟ್ಟುಕೊಟ್ಟರು. ಬೆಳಗಿನ ಜಾವದ ಪ್ರಾರ್ಥನೆಗೆ ಮುಂಚೆ ಒಲೆ ಹೊತ್ತಿಸಿ ಆರಾಧನೆಯ ಹಜಾರ ಬೆಚ್ಚಗೆ ಮಾಡುವುದು, ಅಂಗಳ ಗುಡಿಸುವುದು ಅವಳ ಪಾಲಿನ ಕೆಲಸ. ಜೊತೆಗೆ ಒಂದು ಷರತ್ತು. ಹಿಂದಿನ ಸಭೆಯಿಂದ ಪತ್ರ ತರಿಸಬೇಕು. ಇಂಥವಳು ನಮ್ಮಲ್ಲಿದ್ದಳು, ಒಳ್ಳೆಯವಳು, ಈಗ ನಿಮ್ಮ ಕಡೆ ಬಂದಿದ್ದಾಳೆ ಅನ್ನುವ ನಾಲ್ಕು ಸಾಲು. ಎಲ್ಲ ಸಭೆಗಳಲ್ಲೂ ಇರುವ ಪದ್ಧತಿಯೇ ಇದು. ಮೊದಲ ವರ್ಷ ಹೇಗೋ ಕಳೆಯಿತು. ಈ ವರ್ಷ ಹಿರಿಯರು ಗಡುವು ಕೊಟ್ಟರು: ನವೆಂಬರಿನ ಸುಗ್ಗಿ ಸ್ತೋತ್ರದ ಭಾನುವಾರ. ಪತ್ರ ಬಂದರೆ ಹೆಸರು ಸಭೆಯ ಪುಸ್ತಕಕ್ಕೆ ಏರುತ್ತದೆ. ಬಾರದಿದ್ದರೆ ಬೋಂಗ್ರೆ ಕೋಣೆ ಬಿಡಬೇಕು. ಊರಿನಲ್ಲಿ ಇನ್ನೆಲ್ಲೂ ಅವಳಿಗೆ ಸೂರಿರಲಿಲ್ಲ.

ನನ್ನ ಅನುಮಾನಕ್ಕೆ ಬೇರು ಇದೆ, ಸುಮ್ಮನೆ ಹುಟ್ಟಿದ್ದಲ್ಲ. ಮಾಲ್ಸುನ್ ಎಂಬ ನನ್ನ ಕೊನೆಯ ತಂಗಿ ಪಟ್ಟಣದಲ್ಲಿದ್ದಳು. ಅವಳ ಸಭೆಗೆ ಹೀಗೇ ಒಬ್ಬ ಹೆಂಗಸು ಬಂದಳು. ಪಾತ್ರೆ ತೊಳೆದಳು, ಕಾಯಿಲೆಯಾದವರಿಗೆ ಗಂಜಿ ಕೊಂಡೊಯ್ದಳು, ಯಾವಾಗಲೂ ಕೈಯಲ್ಲೊಂದು ನೋಟುಬುಕ್ಕು. ಆಮೇಲೆ, "ಅಕ್ಕಾ, ಸತ್ಯವೇದ ಒಟ್ಟಿಗೆ ಓದೋಣ ಬನ್ನಿ" ಅಂದಳು. ಅವಳು ಬೇರೆ ಸಭೆಗಳೊಳಗೆ ನುಸುಳಿ ಜನರನ್ನು ಸೆಳೆಯುವ ಒಂದು ಪಂಗಡದವಳು; ಆರು ತಿಂಗಳಲ್ಲಿ ನನ್ನ ತಂಗಿಯೂ ಆ ಪಂಗಡದವಳಾದಳು. ಕೆಲಸ ಬಿಟ್ಟಳು, ಮನೆ ಬಿಟ್ಟಳು, ನಮ್ಮ ಅಮ್ಮನ ಮಣ್ಣಿಗೂ ಬರಲಿಲ್ಲ. ಒಂಬತ್ತು ವರ್ಷವಾಯಿತು. ಪ್ರತಿ ತಿಂಗಳೂ ನಾನು ಅವಳಿಗೆ ಪತ್ರ ಬರೆಯುತ್ತೇನೆ. ಅವರ ಬೋಧನೆ ಎಲ್ಲೆಲ್ಲಿ ತಪ್ಪು ಎಂದು ಅಧ್ಯಾಯ, ವಚನದ ಸಮೇತ ತೋರಿಸುತ್ತೇನೆ. ಪ್ರತಿ ತಿಂಗಳೂ ಅದು ಒಡೆಯದೆ ವಾಪಸು ಬರುತ್ತದೆ. ನಮ್ಮ ಸಭೆಯ ಬಾಗಿಲಿಗೆ 'ಅಡ್ಡಬೋಧನೆಯವರಿಗೆ ಪ್ರವೇಶವಿಲ್ಲ' ಎಂಬ ಹಳದಿ ಚೀಟಿಯನ್ನು ಅಂಟಿಸಿದವಳು ನಾನೇ. ಬಿಸಿಲಿಗೆ ಮಾಸಿದಾಗಲೆಲ್ಲ ಹೊಸದು ಅಂಟಿಸುತ್ತೇನೆ.

ಆದ್ದರಿಂದ ಬೋಂಗ್ರೆಯ ಮೇಲೆ ಕಣ್ಣಿಟ್ಟೆ. ಅವಳ ದಿನಚರಿ ನನಗೆ ಬಾಯಿಪಾಠವಾಯಿತು. ಐದಕ್ಕೆ ಪ್ರಾರ್ಥನೆ. ನಾವೆಲ್ಲ ಎದೆ ಬಡಿದುಕೊಂಡು ಗಟ್ಟಿಯಾಗಿ ಕೂಗಿ ಪ್ರಾರ್ಥಿಸುವವರು. ಅವಳು ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುತ್ತಿದ್ದಳು. ಬೆಳಕು ಹರಿಯುತ್ತಲೂ ಬಟ್ಟೆಚೀಲ ಹೆಗಲಿಗೆ ಹಾಕಿ ಸಮುದ್ರದ ದಂಡೆಗೆ ಹೊರಡುವಳು. ಅಲ್ಲೊಂದು ಮೀನಿನ ಪೆಟ್ಟಿಗೆ ಬೋರಲು ಹಾಕಿಕೊಂಡು ನೀರಿಳಿದಾಗ ತೆರೆಯುವ ಕೆಸರುಬಯಲಿಗೆ ಮುಖಮಾಡಿ ಕೂರುವಳು. ಚೀಲದಿಂದ ಸತ್ಯವೇದ ಹೊರಗೆ ಬರುತ್ತಿತ್ತು, ಆಮೇಲೆ ಶಾಲೆ ಮಕ್ಕಳ ನೋಟುಬುಕ್ಕು, ರಟ್ಟಿನ ಮೇಲೆ ನೀಲಿ ಮೊಲದ ಚಿತ್ರ. ಸ್ವಲ್ಪ ಓದುವಳು, ತುಂಬಾ ಹೊತ್ತು ನೋಡುವಳು, ಎರಡು ಸಾಲು ಬರೆಯುವಳು. ಏಳೂವರೆಗೆ ಷೆಡ್ಡಿನಲ್ಲಿ ಹಾಜರು.

ಷೆಡ್ಡಿನಲ್ಲಿ ನನ್ನ ಪಕ್ಕ ಕೂರುವವಳು ಚಿನ್ಸಿಮ್. ಸಿಂಪಿಯ ಬಾಯಿಗಿಂತ ಬೇಗ ಬಾಯಿ ತೆರೆಯುವವಳು.

"ಏನೇ ಬೋಂಗ್ರೆ, ದಿನಾ ಅಷ್ಟೊತ್ತು ಕೂತು ಯಾರಿಗೆ ಪ್ರೇಮಪತ್ರ ಬರೀತೀಯ?" ಎಂದು ಒಂದು ದಿನ ಕೆಣಕಿದಳು.

"ಅಯ್ಯೋ, ಈ ವಯಸ್ಸಿಗೆ ಯಾರು ಓದ್ತಾರಕ್ಕಾ," ಎಂದು ಬೋಂಗ್ರೆ ನಕ್ಕಳು.

"ನಮಗೂ ತೋರ್ಸೇ. ನಾವೇನು ತಿಂದುಬಿಡ್ತೀವಾ?" ಎಂದೆ ನಾನು.

ಅವಳ ಕೈಯಲ್ಲಿದ್ದ ಚೂರಿ ನಿಂತಿತು. "ಅದ್ರಲ್ಲಿ ಏನೂ ಇಲ್ಲ ಅಕ್ಕಾ," ಎಂದಳು. ಮುಖದ ನಗು ಮಾಯವಾಗಿತ್ತು. ಚಿನ್ಸಿಮ್ ನನ್ನ ಮೊಣಕೈಗೆ ತಿವಿದಳು. ನಾನು ಆಗಲೇ ನೋಡಿದ್ದೆ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಸಭೆಯಲ್ಲಿ ಎಲ್ಲರ ಹತ್ತಿರವೂ ಒಂದು ನೋಟುಬುಕ್ಕು ಉಂಟು. ಬೆಳಿಗ್ಗೆ ಗೊತ್ತುಪಡಿಸಿದ ಭಾಗ ಓದಿ, ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ಬುಧವಾರ ಒಬ್ಬೊಬ್ಬರೇ ಓದಿ ಹೇಳಬೇಕು. ತಿಂಗಳ ಕೊನೆಯಲ್ಲಿ ಪಾದ್ರಿಗಳು ಅದರ ಮೇಲೆ ಕೆಂಪು ದ್ರಾಕ್ಷಿಗೊಂಚಲಿನ ಮುದ್ರೆ ಒತ್ತುತ್ತಾರೆ. ನಮ್ಮ ಪಾದ್ರಿಗಳಿಗೆ ಇನ್ನೂ ಮೂವತ್ತೆಂಟು; ಮುದ್ರೆ ಅವರ ಹೆಂಡತಿ ತಂದ ಉಪಾಯ. ಸುಗ್ಗಿ ಸ್ತೋತ್ರದ ದಿನ ವೇದಿಕೆಯ ಮೇಲೆ ಕುಂಬಳಕಾಯಿ, ಮೂಲಂಗಿ, ಹೊಸ ಭತ್ತದ ಜೊತೆಗೆ ವರ್ಷದ ನೋಟುಬುಕ್ಕುಗಳನ್ನೂ ಪೇರಿಸಿಡುತ್ತೇವೆ. ಒಂಬತ್ತು ವರ್ಷದಲ್ಲಿ ನನ್ನವು ಹನ್ನೊಂದು ತುಂಬಿವೆ, ಒಂದು ತಿಂಗಳ ಮುದ್ರೆಯೂ ತಪ್ಪಿಲ್ಲ. ಅದರಲ್ಲಿ ಇರುವುದು ಮಾಲ್ಸುನ್‌ಗೆ ಉತ್ತರ ಕೊಡಲು ಕಲೆಹಾಕಿದ ವಚನಗಳು ಮಾತ್ರ. ಮನಸ್ಸಿಗೆ ಬಂದದ್ದು ಅಂತ ನಾನು ಯಾವತ್ತೂ ಏನೂ ಬರೆದಿಲ್ಲ. ನನ್ನ ಮನಸ್ಸಿಗೆ ಬರುತ್ತಿದ್ದುದನ್ನು ಪಾದ್ರಿಗಳಿಗೆ ತೋರಿಸುವ ಹಾಗೂ ಇರಲಿಲ್ಲ.

ಗಡುವಿಗೆ ಹನ್ನೊಂದು ದಿನ ಇದ್ದಾಗ, ಬುಧವಾರದ ಕೂಟದಲ್ಲಿ ಪಾದ್ರಿಗಳು ಬೋಂಗ್ರೆಯ ಕಡೆ ತಿರುಗಿದರು. "ಈ ಸಲ ನಿಮ್ಮದೂ ವೇದಿಕೆಗೆ ಬರ್ಲಿ. ದಿನಾ ಬರೀತೀರಂತಲ್ಲ, ಎಲ್ರೂ ಹೇಳ್ತಾರೆ."

ಬೋಂಗ್ರೆ ಎದ್ದು ನಿಂತಳು. ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಗಿದ್ದಳು. "ನನ್ನದು ಇಡೋವಂಥದ್ದಲ್ಲ ಪಾದ್ರಿಗಳೇ. ಕ್ಷಮಿಸ್ಬೇಕು," ಎಂದು ಚೀಲವನ್ನು ಎದೆಗೆ ಒತ್ತಿಕೊಂಡು ಹೊರಗೆ ಹೋಗಿಬಿಟ್ಟಳು. ಹೋಗುವಾಗಲೂ ಎಲ್ಲರ ಚಪ್ಪಲಿಗಳನ್ನು ಮೆಟ್ಟಲು ಅನುಕೂಲವಾಗುವಂತೆ ಬಾಗಿಲಕಡೆ ತಿರುಗಿಸಿಟ್ಟು ಹೋದಳು. ಅಷ್ಟು ಒಳ್ಳೆಯತನ ಯಾರಿಗೆ ಬೇಕಿತ್ತು?

ಮಾ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. ಎಪ್ಪತ್ತಾರರ ಮನುಷ್ಯ, ದೋಣಿ ಮಾರಿದ ಮೇಲೂ ದೋಣಿಯ ಯಜಮಾನನ ಗತ್ತು.

"ಓಕ್‌ಬುನಮ್ಮಾ, ನಿಮ್ಮ ಮೂಗು ಏನ್ ಹೇಳುತ್ತೆ?"

"ನನ್ನ ಮೂಗು ಎರಡು ವರ್ಷದಿಂದ ಹೇಳ್ತಾನೇ ಇದೆ ಹಿರಿಯರೇ. ನೀವು ಕಿವಿ ಕೊಡ್ಲಿಲ್ಲ."

"ಪತ್ರ ತರ್ಸು ಅಂದ್ರೆ ಇವತ್ತು ನಾಳೆ ಅಂತಾಳೆ. ಅವಳು ಅವರ ಪೈಕಿ ಅಂತ ಗೊತ್ತಾದ್ರೆ ಅವತ್ತೇ ಚೀಲ ಹೊರಗೆ ಹಾಕ್ತೀನಿ. ಆದ್ರೆ ಬರೀ ಮೂಗು ನಂಬ್ಕೊಂಡು ಹೆಣ್ಣುಮಗಳನ್ನ ಚಳೀಲಿ ಬೀದಿಗೆ ಬಿಡಕ್ಕಾಗುತ್ತಾ? ಕೈಗೆ ಸಿಗೋದು ಏನಾದ್ರೂ ಬೇಕು."

"ಸಿಗುತ್ತೆ. ಗಡುವಿನ ಭಾನುವಾರದೊಳಗೆ ತಂದ್ಕೊಡ್ತೀನಿ," ಎಂದೆ. ಒಳಗೊಳಗೆ ನನಗೆ ಹಬ್ಬ. ಒಂಬತ್ತು ವರ್ಷದಿಂದ ಆ ಪಂಗಡದ ಒಬ್ಬಳನ್ನಾದರೂ ಕೈಯಾರೆ ಹಿಡಿಯಬೇಕೆಂದು ಕಾದಿದ್ದೆ.

ಮಾರನೆಯ ಬೆಳಿಗ್ಗೆ ಅವಳಿಗಿಂತ ಮುಂಚೆ ದಂಡೆಗೆ ಹೋಗಿ ಹಳೆಯ ಬಲೆಗಳ ರಾಶಿಯ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ನೀರು ದೂರ ಸರಿದಿತ್ತು. ಬೋಂಗ್ರೆ ಬಂದಳು, ಕೂತಳು, ಓದಿದಳು. ಯಾರಾದರೂ ಬಂದು ಅವಳನ್ನು ಭೇಟಿಯಾಗುತ್ತಾರೆ, ಕೈಯಿಂದ ಕೈಗೆ ಏನಾದರೂ ದಾಟುತ್ತದೆ ಎಂದು ಕಾದೆ. ಯಾರೂ ಬರಲಿಲ್ಲ. ಕೆಂಪು ಕೊಕ್ಕಿನ ಕರಿಹಕ್ಕಿಗಳು ಕೆಸರು ಕೆದಕುತ್ತಿದ್ದವು. ಅವಳು ಬೆರಳು ಮಡಚಿ ಅವನ್ನು ಎಣಿಸಿದಳು, ಏನೋ ಬರೆದಳು. ಎಣಿಕೆ ಯಾತಕ್ಕೆ? ಎಷ್ಟು ಜನರನ್ನು ಬಲೆಗೆ ಹಾಕಿದೆ ಎಂದು ಅವರು ಲೆಕ್ಕ ಒಪ್ಪಿಸುತ್ತಾರಂತೆ. ಹಕ್ಕಿಗಳ ಹೆಸರಿನಲ್ಲಿ ಬರೆಯುತ್ತಾಳೋ ಏನೋ ಎಂದುಕೊಂಡೆ. ಅವಳು ಎದ್ದು ಹೋಗುವ ಹೊತ್ತಿಗೆ ನನ್ನ ಮಂಡಿ ಎರಡೂ ಮರಗಟ್ಟಿದ್ದವು. ಬಲೆ ಹಿಡಿದುಕೊಂಡು ಎದ್ದೆ. ಹೀಗೆ ಒಂದಲ್ಲ, ಐದು ಬೆಳಿಗ್ಗೆ ಕೂತೆ.

ಮರುವಾರದ ಶುಕ್ರವಾರ ಅವಕಾಶ ಸಿಕ್ಕಿತು. ಷೆಡ್ಡಿನಲ್ಲಿ ಚಿಪ್ಪು ತುಂಬಿದ ಕೈಗಾಡಿಯನ್ನು ತಳ್ಳಿಕೊಂಡು ಬೋಂಗ್ರೆ ಹೊರಗೆ ಹೋದಳು. ಅವಳ ಚೀಲ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಚಿನ್ಸಿಮ್ ನನಗೆ ಕಣ್ಣು ಮಿಟುಕಿಸಿ ಬಾಗಿಲಿಗೆ ಅಡ್ಡ ನಿಂತಳು. ಮೊಲದ ನೋಟುಬುಕ್ಕನ್ನು ಏಪ್ರನ್ನಿನ ಅಡಿಗೆ ಸೇರಿಸಿ ನಾನು ಹಿಂದಿನ ಚಿಪ್ಪಿನ ಗುಡ್ಡೆಯ ಮರೆಗೆ ಹೋದೆ. ನನಗೆ ಸಂತೋಷವೋ ಸಂತೋಷ. ಕನ್ನಡಕ ಏರಿಸಿ ಮೊದಲ ಪುಟ ತೆರೆದೆ.

'ಹನ್ನೊಂದು ವರ್ಷ ನನಗೆ ಎಲ್ಲದರ ಅರ್ಥ ಗೊತ್ತಿತ್ತು. ಸಮುದ್ರ ಅಂದರೆ ಲೋಕ. ಮೀನು ಅಂದರೆ ಮನುಷ್ಯರು. ಮರ ಅಂದರೆ ನಮ್ಮ ಗುರುಗಳು. ಹಕ್ಕಿ ಅಂದರೆ ಆತ್ಮ. ಪರೀಕ್ಷೆಯಲ್ಲಿ ನೂರಕ್ಕೆ ನೂರು. ಇವತ್ತು ಒಂದು ಹಕ್ಕಿ ನೋಡಿದೆ. ಅದು ಹಕ್ಕಿ.'

ಸಿಕ್ಕಿಬಿದ್ದಳು! ಇದೇ ಪಟ್ಟಿ. ಮಾಲ್ಸುನ್ ಮನೆ ಬಿಡುವ ಮುಂಚೆ ಊಟದ ಹೊತ್ತಲ್ಲೂ ಇದನ್ನೇ ಪಠಿಸುತ್ತಿದ್ದಳು. ನನ್ನ ಮೂಗು ಸುಳ್ಳಾಡಿರಲಿಲ್ಲ. ಬೋಂಗ್ರೆ ಅವರ ಪೈಕಿ. ಅಲ್ಲಿಗೇ ಪುಸ್ತಕ ಮುಚ್ಚಿ ಹಿರಿಯರ ಮನೆಗೆ ಓಡಬಹುದಿತ್ತು. ಆದರೆ ಅನುಮಾನದ ಸ್ವಭಾವವೇ ಅಂಥದ್ದು, ಒಂದು ಸಾಕ್ಷಿ ಸಿಕ್ಕಿದರೆ ಇನ್ನೊಂದು ಬೇಕು ಅನ್ನುತ್ತದೆ. ಪುಟ ಮಗುಚಿದೆ.

'ಓದಿದ್ದು: ಕೀರ್ತನೆ, ನೂರನಾಲ್ಕು. ನೋಡಿದ್ದು: ಮಂಜು. ಸಮುದ್ರ ಕಾಣಲಿಲ್ಲ, ಸದ್ದು ಮಾತ್ರ ಇತ್ತು. ಅರ್ಥ ಗೊತ್ತಿಲ್ಲ. ಆದರೂ ಖುಷಿಯಾಯಿತು.'

'ಓದಿದ್ದು: ಯೋಬ, ಮೂವತ್ತೊಂಬತ್ತು. ನೋಡಿದ್ದು: ಕೆಂಪು ಕೊಕ್ಕಿನವು ಹದಿನಾಲ್ಕು. ಒಂದಕ್ಕೆ ಕಾಲು ಕುಂಟು. ಕುಂಟಿಗೂ ಹುಳ ಸಿಕ್ಕಿತು. ಅರ್ಥ ಗೊತ್ತಿಲ್ಲ.'

'ಓದಿದ್ದು: ಮತ್ತಾಯ, ಆರು. ನೋಡಿದ್ದು: ದಂಡೆಯ ಮೇಲೆ ಒಂದು ಕಾಡುಸೇವಂತಿಗೆ. ಹಿಮಕ್ಕೆ ಅಂಚು ಕಂದಿದೆ. ಇವತ್ತೂ ಬಾಡಿಲ್ಲ. ಇಲ್ಲಿ ಅಳುವುದು ತಪ್ಪಲ್ಲವಂತೆ, ಯಾರೂ ಹೇಳಲಿಲ್ಲ, ನಾನೇ ಅಂದುಕೊಂಡೆ.'

ಎರಡು ವರ್ಷ, ದಿನಕ್ಕೆ ಎರಡು ಮೂರು ಸಾಲು. ಎಲ್ಲ ಕಡೆ ಅದೇ: ಓದಿದ್ದು, ನೋಡಿದ್ದು, ಅರ್ಥ ಗೊತ್ತಿಲ್ಲ. ಯಾರನ್ನು ಬಲೆಗೆ ಹಾಕಬೇಕೆಂಬ ಪಟ್ಟಿ ಹುಡುಕಿದೆ. ಚಿನ್ಸಿಮ್ ಹೆಸರು ಒಂದು ಕಡೆ ಇತ್ತು: 'ಚಿನ್ಸಿಮ್ ಅಕ್ಕ ಕೆಮ್ಮುತ್ತಾರೆ. ಮರಸೇಬು ಬೇಯಿಸಿ ಕೊಡಬೇಕು.' ಕೊನೆಯ ಪುಟಗಳಿಗೆ ಬಂದೆ. ಅಲ್ಲಿ ನಾನಿದ್ದೆ.

'ಓದಿದ್ದು: ಕೀರ್ತನೆ, ನೂರಮೂವತ್ತೊಂಬತ್ತು. ನೋಡಿದ್ದು: ಬಲೆಯ ಹಿಂದೆ ಓಕ್‌ಬುನಕ್ಕ. ಚಳಿಗೆ ನಡುಗುತ್ತಿದ್ದರು. ಮಂಡಿ ನೋವಿದೆ ಅವರಿಗೆ. ಕರೆದರೆ ನಾಚಿಕೊಳ್ಳುತ್ತಾರೆ. ಬೇಗ ಎದ್ದು ಹೊರಟೆ. ಅವರು ಏನು ನೋಡಲು ಬರುತ್ತಾರೋ ಗೊತ್ತಿಲ್ಲ.'

ಐದು ಬೆಳಿಗ್ಗೆಯ ಐದೂ ಪುಟದಲ್ಲಿ ನಾನಿದ್ದೆ. ಹಕ್ಕಿಗಳ ಕೆಳಗೆ, ಹಕ್ಕಿಗಳ ಹಾಗೆಯೇ. ನನ್ನ ಕಿವಿ ಬಿಸಿಯಾಯಿತು. ಆಗಲೇ ಹಿಂದೆ ಚಿಪ್ಪುಗಳು ಕರಕರ ಅಂದವು.

ತಿರುಗಿ ನೋಡಿದರೆ ಬೋಂಗ್ರೆ. ಕಿತ್ತುಕೊಳ್ಳುತ್ತಾಳೆ, ಕೂಗುತ್ತಾಳೆ, ಕನಿಷ್ಠ ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲು ಬಂದರೆ ನಾನೂ ಸಿದ್ಧಳಿದ್ದೆ. ಅವಳು ಹಾಗೇನೂ ಮಾಡಲಿಲ್ಲ. ಕೈಗವಸು ಬಿಚ್ಚಿದಳು. ಎರಡೂ ಕೈ ಮುಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಮೇಷ್ಟ್ರ ಮುಂದೆ ನಿಂತ ಹುಡುಗಿಯ ಹಾಗೆ ನಿಂತಳು.

"ಎಲ್ಲಿ ತಪ್ಪಾಗಿದೆ ಹೇಳಿ ಅಕ್ಕಾ," ಎಂದಳು. ಧ್ವನಿ ಅವಳದ್ದೇ ಆಗಿರಲಿಲ್ಲ. "ತಿದ್ದಿ ಬರೀತೀನಿ."

ನಾನು ಪುಸ್ತಕ ಮುಚ್ಚಿದೆ. ಅವಳು ನಿಲ್ಲಿಸಲಿಲ್ಲ.

"ಅರ್ಥ ಗೊತ್ತಿಲ್ಲ ಅಂತ ಬರೀಬಾರ್ದಿತ್ತು. ಗೊತ್ತು ನಂಗೆ. ಎಲ್ರ ಮುಂದೆ ಓದ್ಬೇಕಾ? ಓದ್ತೀನಿ. ಒಂದ್ನಿಮಿಷ ಕೊಡಿ, ಮುಖ ತೊಳ್ಕೊಂಡು ಬರ್ತೀನಿ."

"ಬೋಂಗ್ರೆ," ಎಂದೆ. "ಏಯ್, ಬೋಂಗ್ರೆ. ನಾನು ಕಣೇ. ಓಕ್‌ಬುನ್."

ಅವಳು ತಲೆ ಎತ್ತಿದಳು. ನನ್ನನ್ನು ಗುರುತು ಹಿಡಿಯಲು ಒಂದಷ್ಟು ಹೊತ್ತು ಬೇಕಾಯಿತು. ಆಮೇಲೆ ಚಿಪ್ಪಿನ ಮೇಲೇ ಕುಸಿದು ಕೂತಳು. ನಾನೂ ಕೂತೆ. ಆ ಕ್ಷಣದಲ್ಲಿ ನನ್ನ ಮೇಲೆ ನನಗೆ ಹುಟ್ಟಿದಷ್ಟು ಹೇಸಿಗೆ ಜೀವನದಲ್ಲಿ ಯಾರ ಮೇಲೂ ಹುಟ್ಟಿರಲಿಲ್ಲ. ಪುಸ್ತಕವನ್ನು ಅವಳ ಮಡಿಲಲ್ಲಿ ಇಟ್ಟೆ.

ಅವತ್ತು ಅವಳು ಎರಡು ವರ್ಷದಲ್ಲಿ ಆಡದ ಮಾತನ್ನೆಲ್ಲ ಆಡಿದಳು. "ಅಲ್ಲಿ ದಿನಾ ಸಂಜೆ ಪುಸ್ತಕ ಒಪ್ಪಿಸ್ಬೇಕಿತ್ತು ಅಕ್ಕಾ. ಮನಸ್ಸಿಗೆ ತೋಚಿದ್ದು ಬರೆದ್ರೆ ಕೆಂಪು ಗೆರೆ. ಮೂರು ಗೆರೆ ಬಿದ್ರೆ ಎಲ್ರ ಮುಂದೆ ನಿಂತು ಓದಿ ಕ್ಷಮೆ ಕೇಳ್ಬೇಕು. ಒಬ್ಬಳೇ ಕೂತು ಸತ್ಯವೇದ ತೆಗೆಯೋ ಹಾಗೇ ಇರ್ಲಿಲ್ಲ. ಅದಕ್ಕೇ ಇಲ್ಲಿ ಒಬ್ಬಳೇ ಕೂತ್ಕೋತೀನಿ. ಹಕ್ಕಿನ ಹಕ್ಕಿ ಅಂತ ನೋಡೋದು ಕಲೀತಿದೀನಿ. ಕಷ್ಟ ಆಗುತ್ತೆ. ಈಗ್ಲೂ ಮರ ಕಂಡ್ರೆ ತಲೇಲಿ ಆ ಪಟ್ಟಿ ಓಡುತ್ತೆ. ಸಾಕಾಗುವಷ್ಟು ನೋಡ್ತಾ ಕೂತ್ರೆ ಪಟ್ಟಿ ಸುಮ್ನಾಗುತ್ತೆ. ಆಗ ದೇವರು ಹತ್ರದಲ್ಲೇ ಇದಾನೆ ಅನ್ಸುತ್ತೆ. ಅದನ್ನ ಪುಸ್ತಕದಲ್ಲಿ ಬರೆಯಲ್ಲ, ಬರೆದ್ರೆ ಓಡಿಹೋಗುತ್ತೆ ಅಂತ ಭಯ."

"ಪತ್ರ?" ಎಂದೆ.

"ಆ ಪಂಗಡ ಸೇರೋ ಮುಂಚೆ ಇದ್ದ ಸಭೇಲಿ ನನ್ನ ಹೆಸರು ವೇದಿಕೆ ಮೇಲಿಂದ ಓದಿ ಹೊಡೆದ್ಹಾಕಿದಾರೆ. ಅಡ್ಡಬೋಧನೆಯವಳು ಅಂತ. ನಾನಿದ್ದ ಸ್ಥಿತಿಗೆ ಅದು ಸರೀನೇ. ಅಲ್ಲಿಗೆ ಪತ್ರ ಬರೆದ್ರೆ ಏನ್ ಬರುತ್ತೆ ಅಕ್ಕಾ?"

"ಆಚೆ ಹೇಗೆ ಬಂದೆ?" ಎಂದು ಕೇಳಿದೆ. ಒಂಬತ್ತು ವರ್ಷದಿಂದ ಯಾರನ್ನು ಕೇಳಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಯಾವ ವಚನದಿಂದ, ಯಾವ ವಾದದಿಂದ ಎಂದು ಅವಳು ಹೇಳಿದ್ದರೆ ಅಲ್ಲೇ ಬರೆದುಕೊಳ್ಳುತ್ತಿದ್ದೆ.

"ಗೆಣಸಿನಿಂದ," ಎಂದಳು.

"ಏನಂದೆ?"

"ನಮ್ಮಣ್ಣ ಹತ್ತು ವರ್ಷಾನೂ ಸುಗ್ಗಿ ಮುಗಿದ ಮೇಲೆ ಒಂದು ಡಬ್ಬ ಗೆಣಸು ಕಳಿಸೋನು. ಹೊಲದ ಮಣ್ಣು ಹಾಗೇ ಮೆತ್ಕೊಂಡಿರೋದು. ಒಂದು ಚೀಟಿ ಇಲ್ಲ, ಬಾ ಅಂತಿಲ್ಲ, ತಪ್ಪು ಅಂತಿಲ್ಲ. ಬೇರೆಯವರ ಮನೇಯಿಂದ ಬಯ್ದು ಕಾಗದ ಬರೋದು. ಅದನ್ನ ಒಡೀದೆ ವಾಪಸ್ ಕಳಿಸ್ಬೇಕು ಅಂತ ನಮಗೆ ಹೇಳ್ಕೊಟ್ಟಿದ್ರು, ಅದು ಸೈತಾನನ ಬಾಯಿ ಅಂತ. ಆದ್ರೆ ಗೆಣಸು? ಎಲ್ಲದಕ್ಕೂ ಅರ್ಥ ಇತ್ತು ಅಕ್ಕಾ, ಗೆಣಸಿಗೆ ಪಟ್ಟೀಲಿ ಅರ್ಥ ಇರ್ಲಿಲ್ಲ. ವಾಪಸ್ ಕಳಿಸ್ಬೇಕೋ ಬೇಡ್ವೋ ಅವರಿಗೇ ಗೊತ್ತಾಗ್ಲಿಲ್ಲ. ಬೇಯಿಸ್ಕೊಂಡು ತಿಂತಿದ್ದೆ. ಹನ್ನೊಂದನೇ ವರ್ಷ ಡಬ್ಬ ಬರ್ಲಿಲ್ಲ. ಕಾದೆ, ಕಾದೆ. ವಿಚಾರಿಸಿದ್ರೆ ಅಣ್ಣ ಹೋಗ್ಬಿಟ್ಟಿದ್ದ. ಅವತ್ತು ಎದ್ದು ಬಾಗಿಲು ತೆಗೆದು ಬಂದ್ಬಿಟ್ಟೆ."

ಒಡೆಯದೆ ವಾಪಸು ಬಂದ ನನ್ನ ಪತ್ರಗಳು ಬೀರುವಿನ ತಳದಲ್ಲಿ ಕಟ್ಟು ಕಟ್ಟಾಗಿ ಇದ್ದವು. ನೂರಕ್ಕೂ ಹೆಚ್ಚು.

"ಭಾನುವಾರ ನಾನು ನಿಜ ಹೇಳ್ಬೇಕಾಗುತ್ತೆ ಬೋಂಗ್ರೆ. ಮಾತು ಕೊಟ್ಟಿದೀನಿ," ಎಂದೆ.

"ಹೇಳಿ ಅಕ್ಕಾ. ನೀವೇ ಹೇಳಿ. ನಾನು ಹೇಳಿದ್ರೆ ಮತ್ತೆ ಎಲ್ರ ಮುಂದೆ ನಿಂತು ಒಪ್ಪಿಸಿದ ಹಾಗಾಗುತ್ತೆ, ನನ್ನ ಕೈಲಾಗಲ್ಲ." ಕಣ್ಣೊರೆಸಿಕೊಂಡು ಕೈಗವಸು ಹಾಕಿಕೊಂಡಳು. "ಚೀಲ ಕಟ್ಟಿಟ್ಕೋತೀನಿ."

ಭಾನುವಾರ ವೇದಿಕೆಯ ತುಂಬ ಕುಂಬಳಕಾಯಿ. ಆರಾಧನೆ ಮುಗಿದ ಮೇಲೆ ಮಾ ಹಿರಿಯರು ಎದ್ದರು. ಬೋಂಗ್ರೆಯವರ ಪತ್ರ ಬಂದಿಲ್ಲ, ಓಕ್‌ಬುನಮ್ಮ ವಿಚಾರಿಸಿದ್ದಾರೆ, ಅವರು ಹೇಳಲಿ ಎಂದರು. ಬೋಂಗ್ರೆ ಕೊನೆಯ ಬೆಂಚಿನಲ್ಲಿದ್ದಳು. ಕಾಲಬುಡದಲ್ಲಿ ಬಂದ ದಿನದ ಅದೇ ಚೀಲ.

ಎದ್ದು ನಿಂತೆ. "ವಿಚಾರಿಸಿದೆ. ನನ್ನ ಮೂಗು ಸರಿಯಾಗೇ ಹೇಳಿತ್ತು. ಬೋಂಗ್ರೆ ಹನ್ನೊಂದು ವರ್ಷ ಆ ಪಂಗಡದಲ್ಲಿದ್ಲು."

ಬೆಂಚುಗಳು ಕಿರುಗುಟ್ಟಿದವು. ಚಿನ್ಸಿಮ್ "ನಾನ್ ಹೇಳ್ಲಿಲ್ವಾ!" ಎಂದಳು. ಹಿರಿಯರ ಮುಖ ಬಿಗಿಯಾಯಿತು. "ಹಾಗಾದ್ರೆ ಮುಗೀತು," ಎಂದರು.

"ಮುಗೀಲಿಲ್ಲ ಹಿರಿಯರೇ, ಕೂತ್ಕೊಳ್ಳಿ. ಅವಳ ಪುಸ್ತಕ ನಾನು ಕದ್ದು ಓದಿದೆ. ಚಿಪ್ಪಿನ ಗುಡ್ಡೆ ಹಿಂದೆ, ಕಳ್ಳಿ ಹಾಗೆ. ಐದು ಬೆಳಿಗ್ಗೆ ಬಲೆ ಹಿಂದೆ ಅಡಗಿ ಕೂತೆ. ಯಾರನ್ನಾದ್ರೂ ಆಚೆ ಹಾಕೋದಿದ್ರೆ ನನ್ನಿಂದ ಶುರು ಮಾಡಿ." ನನ್ನ ಧ್ವನಿ ಒಡೆಯತೊಡಗಿತ್ತು, ಅದಕ್ಕೆ ಸಿಟ್ಟು ಬಂದು ಇನ್ನೂ ಗಟ್ಟಿಯಾಗಿ ಹೇಳಿದೆ. "ಒಂಬತ್ತು ವರ್ಷದಿಂದ ದಿನಾ ಬೆಳಗಿನ ಜಾವ ನಾನು ಏನಂತ ಕೂಗ್ತೀನಿ? ನಿಮ್ಮೆಲ್ಲರ ಕಿವೀಗೂ ಬಿದ್ದಿದೆ. ದೇವರೇ, ಅಲ್ಲಿಂದ ಒಬ್ಬಳನ್ನ ಹೊರಗೆ ಕರ್ಕೊಂಡ್ ಬಾ ಅಂತ. ಕರ್ಕೊಂಡ್ ಬಂದ. ಅವಳು ಎರಡು ವರ್ಷದಿಂದ ನಮ್ಮ ಎಂಜಲು ಬಟ್ಟಲು ತೊಳೀತಿದಾಳೆ. ನಾವು ಅವಳನ್ನ ಪತ್ರ ಕೇಳ್ತಿದೀವಿ."

ಪಾದ್ರಿಗಳು ವೇದಿಕೆಯ ಮೇಲಿದ್ದ ನೋಟುಬುಕ್ಕುಗಳ ರಾಶಿ ನೋಡುತ್ತ ನಿಂತಿದ್ದರು. ಆಮೇಲೆ ಒಂದೊಂದನ್ನೇ ಎತ್ತಿ ಅವರವರ ಕೈಗೆ ವಾಪಸು ಕೊಡತೊಡಗಿದರು. ಯಾಕೆಂದು ಅವರು ಹೇಳಲಿಲ್ಲ. ಅವತ್ತಿನಿಂದ ದ್ರಾಕ್ಷಿಗೊಂಚಲಿನ ಮುದ್ರೆಯನ್ನು ನಾನು ಮತ್ತೆ ನೋಡಿಲ್ಲ.

ಎಲ್ಲರೂ ಓಡಿಹೋಗಿ ಬೋಂಗ್ರೆಯನ್ನು ತಬ್ಬಿಕೊಂಡರು ಎಂದು ಬರೆದರೆ ಸುಳ್ಳಾಗುತ್ತದೆ. ಇಬ್ಬರು ಎದ್ದು ಹೊರಗೆ ನಡೆದರು. ಮಾ ಹಿರಿಯರು ಗಂಟಲು ಸರಿಮಾಡಿಕೊಂಡು, ಹೆಸರು ಪುಸ್ತಕಕ್ಕೆ ಏರಿಸುವುದನ್ನು ಈಸ್ಟರಿನವರೆಗೆ ನೋಡೋಣ, ಅಲ್ಲಿಯ ತನಕ ಕೋಣೆಯಲ್ಲೇ ಇರಲಿ, ಜವಾಬ್ದಾರಿ ಓಕ್‌ಬುನಮ್ಮನದು ಎಂದರು. ಅಷ್ಟು ಸಾಕಿತ್ತು. ಊಟವಾಯಿತು. ಬೋಂಗ್ರೆ ತೋಳು ಮಡಚಿ ತೊಟ್ಟಿಯ ಕಡೆ ಹೊರಟಾಗ ನಾನು ಅಡ್ಡ ಹೋಗಿ ಕೂರಿಸಿದೆ. "ಇವತ್ತು ನಿಂಗೆ ಸೊಂಟ ಹಿಡ್ಕೊಂಡಿದೆ, ಗೊತ್ತಾಯ್ತಾ?" ಎಂದೆ. ಎಂಬತ್ತು ಬಟ್ಟಲಿನ ಮುಂದೆ ನಾನೇ ಕೂತೆ. ಸ್ವಲ್ಪ ಹೊತ್ತಿಗೆ ಚಿನ್ಸಿಮ್ ಗೊಣಗುತ್ತ ಬಂದು ಪಕ್ಕದಲ್ಲಿ ಕೂತಳು.

ನನ್ನ ಅನುಮಾನ ಹೋಯಿತೇ? ಇಲ್ಲ. ಈಗಲೂ ಹೊಸಬರು ಬಂದರೆ ನೆತ್ತಿಯಿಂದ ಪಾದದವರೆಗೆ ನೋಡುತ್ತೇನೆ. ಬಾಗಿಲಿನ ಹಳದಿ ಚೀಟಿಯೂ ಇದೆ. ಬೋಂಗ್ರೆಯ ಮೇಲೂ ಒಮ್ಮೊಮ್ಮೆ ಹುಟ್ಟುತ್ತದೆ, ಅವಳು ತೀರಾ ಒಳ್ಳೆಯ ಮಾತಾಡಿದಾಗ. ಅವಳಿಗೆ ಅದು ಗೊತ್ತು. "ಅಕ್ಕಾ, ಮೂಗು ಕೆಂಪಗಾಗಿದೆ," ಎಂದು ನಗುತ್ತಾಳೆ. ಬೆಳಿಗ್ಗೆ ದಂಡೆಯ ಮೇಲೆ ಈಗ ಬೋರಲು ಪೆಟ್ಟಿಗೆ ಎರಡು. ನಾನು ಅವಳ ಪುಸ್ತಕದ ಕಡೆ ತಿರುಗುವುದಿಲ್ಲ, ಅವಳು ನನ್ನದರ ಕಡೆ ನೋಡುವುದಿಲ್ಲ.

ಸುಗ್ಗಿ ಸ್ತೋತ್ರದ ಮರುವಾರ ಮಾಲ್ಸುನ್‌ಗೆ ಒಂದು ಡಬ್ಬ ಕಟ್ಟಿದೆ. ಅವಳು ಚಿಕ್ಕವಳಿದ್ದಾಗ ಅಮ್ಮನ ಕಣ್ಣು ತಪ್ಪಿಸಿ ಕದ್ದು ತಿನ್ನುತ್ತಿದ್ದ ಕಡಲಪಾಚಿಯ ಹಾಳೆ, ಒಣ ಸಿಗಡಿ. ಮೊದಲ ಸಲ ಮುಚ್ಚುವಾಗ ಒಂದು ಪತ್ರ ಸೇರಿಸಿದೆ. ತೆಗೆದೆ. ಎರಡನೆಯ ಸಲ ಒಂದೇ ಒಂದು ವಚನ ಬರೆದ ಚೀಟಿ ಇಟ್ಟೆ. ಅದನ್ನೂ ತೆಗೆದೆ. ಮೂರನೆಯ ಸಲ 'ಅಕ್ಕ' ಎಂದು ಮಾತ್ರ ಬರೆದು ಇಟ್ಟು, ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಮತ್ತೆ ಅಂಟು ಕಿತ್ತು ಅದನ್ನೂ ತೆಗೆದುಬಿಟ್ಟೆ.

ನನ್ನ ಪತ್ರಗಳು ಎಂಟು ದಿನಕ್ಕೆ, ಹೆಚ್ಚೆಂದರೆ ಹತ್ತು ದಿನಕ್ಕೆ ವಾಪಸು ಬರುತ್ತಿದ್ದವು. ಇವತ್ತು ಬೆಳಿಗ್ಗೆ ದಂಡೆಯ ಮೇಲೆ ಕೂತು ನನ್ನ ಹನ್ನೆರಡನೆಯ ನೋಟುಬುಕ್ಕಿನಲ್ಲಿ ಬರೆದೆ. ಓದಿದ್ದು: ಲೂಕ, ಹದಿನೈದು. ನೋಡಿದ್ದು: ಕೆಂಪು ಕೊಕ್ಕಿನವು ಒಂಬತ್ತು, ಕುಂಟಿಯೂ ಇದ್ದಾಳೆ. ಡಬ್ಬ ಕಳಿಸಿ ಇಪ್ಪತ್ತಮೂರು ದಿನ. ವಾಪಸು ಬಂದಿಲ್ಲ. ಅರ್ಥ ಗೊತ್ತಿಲ್ಲ.